ತೋಟದ ಗುಂಡುಬಂಡೆ ಹಿಮಯುಗದ್ದಾ? ತೆಗೆಸಿದರೆ ಏನಾಗುತ್ತದೆ?

ಪ್ರಶ್ನೆ: ಮೇಡಂ, ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ ಆರು ಎಕರೆ ಕಾಫಿ ತೋಟ. ಮನೆ ಹಿಂದಿನ ಇಳಿಜಾರಿನಲ್ಲಿ ಏಳು ಗುಂಡುಬಂಡೆಗಳಿವೆ, ದೊಡ್ಡದು ಎಂಟಡಿ ಎತ್ತರ. ಅಣ್ಣನ ಮಗ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾನೆ. ಹೋದ ವರ್ಷ ಅಲ್ಲಿಗೆ ಹೋದಾಗ ಎಬರ್ಸ್‌ಬರ್ಗ್ ಕಡೆ ಒಂದು ಬಂಡೆ ತೋರಿಸಿ, ಹಿಮಯುಗದಲ್ಲಿ ಹಿಮನದಿ ಹೊತ್ತು ತಂದದ್ದು ಅಂದ. ನೋಡಿದರೆ ನಮ್ಮ ತೋಟದ ಕಲ್ಲೇ, ಅದೇ ಪಟ್ಟೆ ಪಟ್ಟೆ! ಈಗ ಮನೆ ಹಿಂದೆ ಎರಡು ಹೋಂಸ್ಟೇ ರೂಮು ಕಟ್ಟಬೇಕು ಅಂತಿದ್ದೇವೆ. ಜೆಸಿಬಿಯವನು "ಇವು ಬೇರಿಲ್ಲದ ಕಲ್ಲು, ಎಲ್ಲಿಂದಲೋ ಉರುಳಿ ಬಂದಿವೆ, ಎರಡು ದಿನದಲ್ಲಿ ತಳ್ಳಿಕೊಡ್ತೀನಿ" ಅಂತಾನೆ. ಅಮ್ಮ ಮುಟ್ಟಲೇಬೇಡಿ ಅಂತಾರೆ. ಇನ್ನೊಂದು ವಿಷಯ, ಕೃಷಿ ಹೊಂಡ ತೋಡುವಾಗ ಹಳ್ಳಕ್ಕಿಂತ 30 ಅಡಿ ಮೇಲೆ ನುಣುಪಾದ ಹೊಳೆಗಲ್ಲು ಸಿಕ್ಕಿದವು. ನಮ್ಮಲ್ಲೂ ಹಿಮನದಿ ಇತ್ತಾ? ಬಂಡೆ ತೆಗೆಸಬಹುದಾ? ಫೋಟೊ ಕಳಿಸಿದ್ದೇನೆ.

ಉತ್ತರ: ಫೋಟೊ ಎಲ್ಲ ನೋಡಿದೆ. ಮೊದಲು ಅವಸರದ ಮಾತು ಹೇಳಿಬಿಡುತ್ತೇನೆ. ಇದನ್ನು ಪೂರ್ತಿ ಓದುವ ತನಕ ಜೆಸಿಬಿಯವನಿಗೆ ಮುಂಗಡ ಕೊಡಬೇಡಿ. ಕೊಟ್ಟಾಗಿದ್ದರೆ ಬೇರೆ ಕೆಲಸ ಮಾಡಿಸಿಕೊಳ್ಳಿ, ಕಾಫಿ ಕಣ ಮಟ್ಟ ಮಾಡಿಸುವುದೋ ರಸ್ತೆ ಸರಿ ಮಾಡಿಸುವುದೋ, ತೋಟದಲ್ಲಿ ಕೆಲಸಕ್ಕೇನು ಬರವಾ.

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಬಂಡೆ ಎಲ್ಲಿಂದ ಬಂತು ಅನ್ನುವುದು ಒಂದು, ತೆಗೆಸಬಹುದಾ ಅನ್ನುವುದು ಇನ್ನೊಂದು. ಮೊದಲನೆಯದು ಸುಮ್ನೆ ಕುತೂಹಲದ ಪ್ರಶ್ನೆ ಅನ್ನಿಸಬಹುದು. ಆದರೆ ನನ್ನ ಅನುಭವದಲ್ಲಿ ಅದರ ಉತ್ತರ ಸಿಗದೆ ಎರಡನೆಯದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಹಾಗಾಗಿ ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ, ಜರ್ಮನಿಗೆ ಹೋಗಿ ಮೂಡಿಗೆರೆಗೆ ವಾಪಸ್ ಬರೋಣ.

ಆಲ್ಪ್ಸ್ ಪರ್ವತ ಮುಗಿದು ಉತ್ತರಕ್ಕೆ ಬಯಲು ಶುರುವಾಗುವ ಸೀಮೆ ಇದೆಯಲ್ಲ, ಮ್ಯೂನಿಕ್ ಇರುವುದು ಅಲ್ಲೇ. ನಮ್ಮ ಕಡೆ ಆಗಿದ್ದರೆ ಅರೆಮಲೆನಾಡು ಅನ್ನುತ್ತಿದ್ದೆವೇನೋ, ಬೇಲೂರು ಹಾಸನದ ತರ. ಸುಮಾರು 24,000ದಿಂದ 20,000 ವರ್ಷದ ಹಿಂದೆ ಚಳಿ ಜೋರಾಗಿದ್ದಾಗ ಅಲ್ಲಿನ ಇನ್ ನದಿಯ ಕಣಿವೆಯಲ್ಲಿ ಸಾವಿರ ಮೀಟರಿಗೂ ದಪ್ಪದ ಮಂಜುಗಡ್ಡೆ ತುಂಬಿತ್ತು. ಅಷ್ಟು ದಪ್ಪದ ಮಂಜು ನಿಂತಲ್ಲಿ ನಿಲ್ಲುವುದಿಲ್ಲ. ತನ್ನ ಭಾರಕ್ಕೆ ತಾನೇ ಜೋನಿಬೆಲ್ಲದ ಹಾಗೆ ನಿಧಾನಕ್ಕೆ ಇಳಿಯುತ್ತದೆ. ಇಳಿಯುವಾಗ ತಳದ ಬಂಡೆಯನ್ನು ಕಿತ್ತು, ತುಳಿದು, ಅರೆದು ಜೊತೆಗೇ ಎಳೆದು ತರುತ್ತದೆ. ಬೆಟ್ಟ ದಾಟಿ ಬಯಲಿಗೆ ಬಂದಾಗ ಎರಡೂ ಕಡೆ ಒತ್ತುವ ಗೋಡೆ ಇಲ್ಲ, ಬೀಸಣಿಗೆ ಬಿಚ್ಚಿದ ಹಾಗೆ ಹರಡಿತು. ಹರಡಿದ ಅಂಚಿನಲ್ಲಿ ಕರಗಿತು. ಕರಗಿದ ಕಡೆ ಹೊತ್ತು ತಂದದ್ದನ್ನೆಲ್ಲ ಅಲ್ಲೇ ಸುರಿಯಿತು. ಮನೆಗಾತ್ರದ ಬಂಡೆ, ಜಲ್ಲಿ, ಮರಳು, ಹಿಟ್ಟಿನಂಥ ಪುಡಿ ಎಲ್ಲ ಒಂದೇ ರಾಶಿ, ಜರಡಿ ಹಿಡಿಯದ್ದು. ಆ ರಾಶಿಯ ದಿಬ್ಬಕ್ಕೆ ಮೊರೇನ್ ಅನ್ನುತ್ತಾರೆ. ಎಬರ್ಸ್‌ಬರ್ಗ್ ಕೂತಿರುವುದು ಇನ್ ಹಿಮನದಿಯ ಅಂಥ ದಿಬ್ಬಗಳ ಹತ್ತಿರವೇ.

ನೀವು ನೋಡಿದ ಪಟ್ಟೆ ಕಲ್ಲು ನೈಸ್ ಅನ್ನುವ ಶಿಲೆ. ನಮ್ಮ ಮಲೆನಾಡಿನ ತಳದಲ್ಲಿರುವುದೂ ಬಹುಪಾಲು ನೈಸೇ. ಅದಕ್ಕೇ ನಿಮಗೆ ಮನೆಯ ಕಲ್ಲು ಕಂಡ ಹಾಗಾಯಿತು, ನಿಮ್ಮ ಕಣ್ಣು ತಪ್ಪಿಲ್ಲ. ಆದರೆ ಎಬರ್ಸ್‌ಬರ್ಗ್‌ನಲ್ಲಿ ಕಾಲ ಕೆಳಗೆ ಅಗೆದರೆ ಸಿಗುವುದು ಜಲ್ಲಿ ಮತ್ತು ಮೆತ್ತನೆ ಕಲ್ಲು, ನೈಸ್ ಅಲ್ಲ. ಆ ಶಿಲೆಯ ತವರು ಆಲ್ಪ್ಸ್‌ನ ಒಳಮಧ್ಯದಲ್ಲಿ, ನೂರು ಕಿಲೋಮೀಟರಿನ ಆಸುಪಾಸು ದೂರ. ಊರಿನ ಕಲ್ಲಿಗೂ ಬಂಡೆಗೂ ಸಂಬಂಧವೇ ಇಲ್ಲ ಅಂದಮೇಲೆ ಯಾರೋ ತಂದಿರಲೇಬೇಕು. ಮೊದಲು ಜನ ಬೈಬಲಿನ ನೋಹನ ಪ್ರಳಯದ ನೀರು ತಂದಿದ್ದು ಅಂತಿದ್ದರು. 1815ರಲ್ಲಿ ಪೆರೊಡಾನ್ ಅನ್ನುವ ಸ್ವಿಸ್ ಬೇಟೆಗಾರನೊಬ್ಬ, ಹಿಂದೆ ಹಿಮನದಿ ಬಹಳ ಕೆಳಗಿನವರೆಗೂ ಇತ್ತು, ಬಂಡೆ ತಂದದ್ದು ಅದೇ ಅಂತ ಶಾರ್ಪಾಂಟಿಯೆ ಅನ್ನುವ ಗಣಿ ಅಧಿಕಾರಿಗೆ ಹೇಳಿದ. ಓದಿದವರು ನಂಬಲಿಲ್ಲ. ಇಪ್ಪತ್ತು ಚಿಲ್ಲರೆ ವರ್ಷ ಆದಮೇಲೆ, 1837ರಲ್ಲಿ, ಲೂಯಿ ಅಗಾಸಿ ಅನ್ನುವ ಸ್ವಿಸ್ ವಿಜ್ಞಾನಿ ಅದನ್ನೇ ವಿಜ್ಞಾನಿಗಳ ಸಭೆಯಲ್ಲಿ ಹೇಳಿದ. ಅಷ್ಟು ಹೊತ್ತಿಗೆ ಶಾರ್ಪಾಂಟಿಯೆಯೂ ನಂಬಿದ್ದ. ಕಾಡು ಸುತ್ತುವವರ ಮಾತನ್ನು ನಾನು ಹಗುರ ಮಾಡದೆ ಇರುವುದಕ್ಕೆ ಇದೂ ಒಂದು ಕಾರಣ.

ಅಲ್ಲಿ ಹಿಮನದಿಯ ಕೆಲಸ ಅರ್ಧ ಮಾತ್ರ. ಉಳಿದ ಅರ್ಧ ಕರಗಿದ ನೀರಿನದು. ದಿಬ್ಬದ ಆಚೆ ಹರಿದ ನದಿಗಳಿಗೆ ಮನೆಗಾತ್ರದ ಬಂಡೆ ಹೊರುವ ಶಕ್ತಿ ಇಲ್ಲ, ಆದರೆ ಜರಡಿ ಹಿಡಿಯುವ ಕೆಲಸ ಚೆನ್ನಾಗಿ ಗೊತ್ತು. ದಪ್ಪ ಜಲ್ಲಿ ಹತ್ತಿರ ಬಿತ್ತು, ಸಣ್ಣದು ದೂರ ಹೋಯಿತು. ಮ್ಯೂನಿಕ್ ನಗರ ನಿಂತಿರುವುದು ಹೀಗೆ ಹಾಸಿದ ಜಲ್ಲಿಯ ಮೇಲೆ. ದಕ್ಷಿಣದ ಕಡೆ ಅದು ನೂರು ಮೀಟರಿನಷ್ಟು ದಪ್ಪ, ಉತ್ತರಕ್ಕೆ ಹೋಗ್ತಾ ಹೋಗ್ತಾ ಕೆಲವೇ ಮೀಟರ್. ತೆಳುವಾದ ಕಡೆ ಒಳಗಿನ ನೀರು ಮೇಲಕ್ಕೆ ಉಕ್ಕಿ ಜೌಗಾಗಿದೆ. ನಿಮ್ಮ ಹುಡುಗ ಕರೆದುಕೊಂಡು ಹೋಗಿರಬಹುದಾದ ಸ್ಟಾರ್ನ್‌ಬರ್ಗ್ ಸರೋವರ ಇನ್ನೊಂದು ಹಿಮನದಿಯ ನಾಲಿಗೆ ತೋಡಿಟ್ಟ ಗುಂಡಿ. ರೋಸನ್‌ಹೈಮ್ ಹತ್ತಿರವೂ ಅಂಥದ್ದೇ ಭಾರೀ ಸರೋವರ ಇತ್ತು, ಒಂದು ಕಡೆ ಹೂಳು ತುಂಬಿತು, ಇನ್ನೊಂದು ಕಡೆ ನದಿ ಕೋಡಿಯನ್ನೇ ಕೊರೆದುಕೊಂಡು ಹೋಯಿತು, ಕೆರೆ ಬರಿದಾಯಿತು. ನಮ್ಮ ಕೆರೆಗಳ ಕಥೆಯೂ ಹೀಗೇ ಅಲ್ವಾ, ಹೂಳು ಇಲ್ಲವೇ ಕೋಡಿ.

ಈಗ ನಮ್ಮೂರು. ನಮ್ಮಲ್ಲಿ ಆ ಹಿಮಯುಗದ ಹಿಮನದಿ ಇರಲಿಲ್ಲ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಚಳಿ ಜೋರಾಗಿದ್ದಾಗ ನಮ್ಮಂಥ ಬಿಸಿ ಸೀಮೆಗಳಲ್ಲಿ ಹಿಮ ನಿಲ್ಲುವ ಗೆರೆ ಸುಮಾರು ಸಾವಿರ ಮೀಟರ್ ಕೆಳಗೆ ಬಂದಿತ್ತು. ಬಂದರೂ ಅದು ಮುಳ್ಳಯ್ಯನಗಿರಿಯ ಎರಡು ಪಟ್ಟು ಎತ್ತರದಲ್ಲೇ ಉಳಿಯಿತು. ಹಿಮಯುಗ ನಮ್ಮನ್ನು ಮುಟ್ಟಿದ್ದು ಬೇರೆ ತರ. ಮುಂಗಾರು ಸೊರಗಿತ್ತು. ನೀಲಗಿರಿಯ ಜೌಗು ಮಣ್ಣನ್ನು ಪರೀಕ್ಷೆ ಮಾಡಿದವರಿಗೆ ಆ ಕಾಲದಲ್ಲಿ ಶೋಲಾ ಕಾಡಿಗಿಂತ ಹುಲ್ಲು ಜಾಸ್ತಿ ಇದ್ದದ್ದು ಕಂಡಿದೆ. ಸಮುದ್ರ ಸುಮಾರು 120 ಮೀಟರ್ ಇಳಿದಿತ್ತು. ಮಂಗಳೂರಿನಿಂದ ಕಡಲು ನೋಡಬೇಕಾದರೆ ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕೆ ನಡೆಯಬೇಕಿತ್ತು.

ಹಿಮನದಿ ಇಂಡಿಯಾದ ಈ ಭಾಗಕ್ಕೆ ಬಂದೇ ಇಲ್ಲ ಅಂತಲ್ಲ. ಬಹಳ ಹಳೆಯ ಮಾತು ಅಷ್ಟೇ. ಸುಮಾರು 30 ಕೋಟಿ ವರ್ಷದ ಹಿಂದೆ ನಮ್ಮ ನೆಲ ಗೊಂಡ್ವಾನ ಅನ್ನುವ ಹಳೆಯ ಮಹಾಖಂಡದ ಭಾಗವಾಗಿ ದಕ್ಷಿಣ ಧ್ರುವದ ಕಡೆ ಇದ್ದಾಗ ಬಿದ್ದ ಹಿಮನದಿಯ ಕಲ್ಲುರಾಶಿ ಒಡಿಶಾದ ತಾಲ್ಚೇರ್‌ನಲ್ಲಿದೆ. ಇನ್ನೂ ಹಿಂದಕ್ಕೆ ಹೋದರೆ, ಚಿತ್ರದುರ್ಗ ಜಿಲ್ಲೆಯ ತಾಳ್ಯದ ಉಂಡೆಗಲ್ಲಿನ ಪದರ 270 ಕೋಟಿ ವರ್ಷ ಹಳೆಯ ಹಿಮದ ಕೆಲಸ ಅಂತ ಕೆಲವು ಭೂವಿಜ್ಞಾನಿಗಳು ವಾದಿಸಿದ್ದಾರೆ. ಆದರೆ ಅವೆಲ್ಲ ಗಟ್ಟಿಯಾಗಿ ಕಲ್ಲೇ ಆಗಿಹೋದ ಪದರಗಳು. ನಿಮ್ಮ ಕಾಫಿ ಗಿಡದ ಮಧ್ಯೆ ಬಿಡಿಬಿಡಿಯಾಗಿ ಕೂತ ಬಂಡೆಗೂ ಅವಕ್ಕೂ ಸಂಬಂಧ ಇಲ್ಲ.

ನಾನೂ ಓದುವ ಕಾಲದಲ್ಲಿ ಹಾಸನದ ಹತ್ತಿರ ಒಂದು ಹಾಸುಬಂಡೆಯ ಮೇಲೆ ಸಾಲಾಗಿ ಗೀರು ನೋಡಿ, ಹಿಮನದಿ ಉಜ್ಜಿದ ಗುರುತು ಅಂತ ಕುಣಿದಾಡಿಬಿಟ್ಟಿದ್ದೆ. ನಮ್ಮ ಮೇಷ್ಟ್ರು ಒಂದು ಮಾತೂ ಆಡದೆ ಬಂಡೆಯ ತುದಿಗೆ ಕರೆದುಕೊಂಡು ಹೋಗಿ, ಕೆಳಗೆ ಹಳೇ ಕ್ವಾರಿ ತೋರಿಸಿದರು. ಚಪ್ಪಡಿ ಎಳೆದ ಸರಪಳಿಯ ಗೀರು ಅದು. ಮೂರು ದಿನ ಊಟ ಸೇರಲಿಲ್ಲ.

ಹಾಗಾದರೆ ನಿಮ್ಮ ಬಂಡೆಗಳು ಗುಂಡಗಾದದ್ದು ಹೇಗೆ? ಹುಟ್ಟಿದ ಜಾಗದಲ್ಲೇ, ಮಣ್ಣಿನ ಒಳಗೇ. ತಳದ ನೈಸ್ ಶಿಲೆಯಲ್ಲಿ ಅಡ್ಡಡ್ಡ ಉದ್ದುದ್ದ ಬಿರುಕುಗಳಿರುತ್ತವೆ, ಚೌಕ ಚೌಕವಾಗಿ ಕತ್ತರಿಸಿಟ್ಟ ಹಾಗೆ. ಆ ಬಿರುಕಿನಲ್ಲಿ ಮಳೆನೀರು ಇಳಿಯುತ್ತದೆ. ನೀರು ಶಿಲೆಯೊಳಗಿನ ಫೆಲ್ಡ್‌ಸ್ಪಾರ್ ಅನ್ನುವ ಖನಿಜವನ್ನು ಜೇಡಿಮಣ್ಣು ಮಾಡಿಬಿಡುತ್ತದೆ. ಚೌಕದ ಮುಖಕ್ಕೆ ಒಂದೇ ಕಡೆಯಿಂದ ನೀರು, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಮತ್ತೆ ಬೆಲ್ಲಕ್ಕೇ ಬಂದೆ ಅನ್ನಬೇಡಿ, ಅಚ್ಚುಬೆಲ್ಲವನ್ನು ನೀರಿಗೆ ಹಾಕಿ ನೋಡಿ, ಮೊದಲು ಕರಗುವುದು ಮೂಲೆ. ಲಕ್ಷಗಟ್ಟಲೆ ವರ್ಷ ಹೀಗೆ ನಡೆದರೆ ಚೌಕದ ಮಧ್ಯದಲ್ಲಿ ಗಟ್ಟಿ ಗುಂಡು ಉಳಿಯುತ್ತದೆ, ಸುತ್ತ ಈರುಳ್ಳಿ ಸಿಪ್ಪೆಯಂತೆ ಪದರ, ಅದರಾಚೆ ಕೆಂಪು ಹಳದಿ ಮಣ್ಣು. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಘಾಟಿ ರಸ್ತೆಗೆ ಗುಡ್ಡ ಕಡಿದ ಕಡೆ ನಿಲ್ಲಿಸಿ ನೋಡಿ, ಮಣ್ಣಿನ ಗೋಡೆಯಲ್ಲಿ ಗುಂಡುಗಳು ಇನ್ನೂ ಸಿಪ್ಪೆ ಸಮೇತ ಹುದುಗಿರುತ್ತವೆ. ಮಳೆ ಮಣ್ಣನ್ನು ತೊಳೆದುಕೊಂಡು ಹೋದಮೇಲೆ ಗುಂಡು ಹೊರಗೆ ಕಾಣುತ್ತದೆ. ನಾವು ಬಂತು ಅಂದುಕೊಳ್ಳುತ್ತೇವೆ. ಅದು ಅಲ್ಲೇ ಇತ್ತು, ಸುತ್ತಲಿನದು ಹೋಯಿತು.

ಇದು ಗೊತ್ತಾದಮೇಲೆ ಜೆಸಿಬಿಯವನ ಮಾತು ನೋಡೋಣ. ಬೇರಿಲ್ಲ ಅಂದದ್ದು ಕೆಲವು ಬಂಡೆಗೆ ನಿಜ, ಕೆಲವಕ್ಕೆ ಸುಳ್ಳು, ಇನ್ನೂ ತಳದ ಶಿಲೆಗೇ ಅಂಟಿಕೊಂಡ ಹುಟ್ಟುಬಂಡೆಯೂ ಮೇಲಿನಿಂದ ಗುಂಡಾಗಿಯೇ ಕಾಣುತ್ತದೆ. ಉರುಳಿ ಬಂದದ್ದು ಅಂದದ್ದನ್ನು ಮಾತ್ರ ಪರೀಕ್ಷೆ ಮಾಡಬಹುದು, ಅದೂ ನೀವೇ. ನೈಸ್‌ನ ಪಟ್ಟೆಗಳನ್ನು ನೋಡಿ. ಮೊಬೈಲಿನಲ್ಲಿ ದಿಕ್ಸೂಚಿ ಇರುತ್ತದಲ್ಲ, ಪ್ರತಿ ಬಂಡೆಯ ಪಟ್ಟೆ ಯಾವ ದಿಕ್ಕಿಗೆ ಓಡುತ್ತದೆ, ಯಾವ ಕಡೆ ವಾಲಿದೆ ಅಂತ ಬರೆದುಕೊಳ್ಳಿ. ಎಲ್ಲ ಬಂಡೆಯಲ್ಲೂ ಒಂದೇ ದಿಕ್ಕು ಇದ್ದರೆ ಅವು ಹುಟ್ಟಿದ ಭಂಗಿಯಲ್ಲೇ ಇವೆ, ಕದಲಿಲ್ಲ. ಯಾವುದರದ್ದಾದರೂ ಅಡ್ಡಾದಿಡ್ಡಿ ಇದ್ದರೆ ಅದು ಯಾವತ್ತೋ ಒಮ್ಮೆ ತಿರುಗಿದೆ.

ನಿಮ್ಮ ಮೊದಲ ಮೂರು ಫೋಟೊದಲ್ಲಿ ಕಾಣುವ ಆರು ಬಂಡೆಯಲ್ಲಿ ಪಟ್ಟೆ ಒಂದೇ ಕಡೆಗಿದೆ. ನಾಲ್ಕನೇ ಫೋಟೊದ ಎಂಟಡಿಯದು, ಮನೆಗೆ ಹತ್ತಿರ ಇರುವುದು, ಬೇರೆ. ಅದರ ಪಟ್ಟೆ ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ. ಫೋಟೊ ನೋಡಿ ಖಡಾಖಂಡಿತ ಹೇಳಬಾರದು, ಆದರೂ ನನಗೆ ಅದೊಂದು ಹಿಂದೆ ಉರುಳಿ ಬಂದು ನಿಂತ ಹಾಗೆ ಕಾಣುತ್ತದೆ. ನೀವು ರೂಮು ಕಟ್ಟಬೇಕು ಅಂತಿರುವುದು ಅದರ ಕೆಳಗೇ.

ತೂಕದ ಲೆಕ್ಕ ಹಾಕೋಣ. ಎಂಟಡಿ ಅಡ್ಡಳತೆಯ ಗುಂಡು ಅಂದರೆ ಸುಮಾರು ಏಳೂವರೆ ಘನ ಮೀಟರ್. ಇಂಥ ಕಲ್ಲು ಘನ ಮೀಟರಿಗೆ 2.7 ಟನ್ ತೂಗುತ್ತದೆ. ಒಟ್ಟು 20 ಟನ್. ತಳ್ಳಲು ಬರುವ ಜೆಸಿಬಿಯ ತೂಕವೇ ಎಂಟು ಟನ್ನಿನ ಆಸುಪಾಸು. ತಳ್ಳುವುದಕ್ಕೆ ಶುರು ಮಾಡಬಹುದು, ನಿಲ್ಲಿಸುವುದಕ್ಕೆ ಆಗುವುದಿಲ್ಲ.

ಅದಕ್ಕಿಂತ ಮುಖ್ಯ ಬಂಡೆಯ ಕೆಳಗಿನ ಮಣ್ಣು. ಮೇಲೆ ಕೆಂಪು ಗೊಚ್ಚು, ಅದರಡಿ ಕೆಲವು ಕಡೆ ಬಿಳಿ ಹಳದಿ ಶೇಡಿ ಮಣ್ಣು. ಬೇಸಿಗೆಯಲ್ಲಿ ಕಲ್ಲಿನ ಹಾಗೆ ಗಟ್ಟಿ, ಪಿಕಾಸಿ ಹಾಕಿದರೆ ಟಣ್ ಅನ್ನುತ್ತದೆ. ಆಷಾಢದಲ್ಲಿ ನೀರು ಕುಡಿದಾಗ ಕೈಯಲ್ಲಿ ಜಾರುತ್ತದೆ. 2018ರಲ್ಲಿ ಸಕಲೇಶಪುರ ಕಡೆ, 2019ರಲ್ಲಿ ನಿಮ್ಮದೇ ತಾಲ್ಲೂಕಿನಲ್ಲಿ ಗುಡ್ಡ ಜಾರಿದ್ದು ನೀವೇ ನೋಡಿದ್ದೀರಿ. ಬಂಡೆ ತಾನಾಗಿ ಹೊರಡುವುದಿಲ್ಲ. ಅಡಿಯ ಮಣ್ಣು ಹೊರಟರೆ ಅದರ ಮೇಲೆ ಕೂತು ಬರುತ್ತದೆ. ಕೆಲವು ವರ್ಷದ ಹಿಂದೆ ನೋಡಿದ ಒಂದು ಜಾಗ ನೆನಪಾಗುತ್ತದೆ. ಬಂಡೆಯನ್ನು ಮುಟ್ಟಿಯೇ ಇರಲಿಲ್ಲ, ಅದರ ಕೆಳಗೆ ಕಾರು ನಿಲ್ಲಿಸಲು ಅಂತ ಹತ್ತಡಿ ಗುಡ್ಡ ನೆಟ್ಟಗೆ ಕಡಿದಿದ್ದರು, ಕಡಿದ ಗೋಡೆ ಎರಡು ಮಳೆಗಾಲ ಚೆನ್ನಾಗಿಯೇ ನಿಂತಿತ್ತು, ಮೂರನೆಯದರಲ್ಲಿ ಒಂದು ರಾತ್ರಿ ಮಣ್ಣು ಬಂಡೆ ಎಲ್ಲ ಕೊಟ್ಟಿಗೆಯ ಪಕ್ಕಕ್ಕೆ ಬಂದು ಕೂತಿತ್ತು. ದನ ಹೊರಗಿದ್ದವು, ಪುಣ್ಯ.

ಈಗ ಏನೇನು ಮಾಡಬಹುದು. ನನ್ನ ಮೊದಲ ಆಯ್ಕೆ ರೂಮಿನ ಜಾಗ ಬದಲಿಸುವುದು. ಬೇಜಾರಾಗುತ್ತದೆ, ಗೊತ್ತು, ನೋಟ ಇರುವುದು ಹಿಂಭಾಗದಲ್ಲಿ. ಆದರೆ ಮನೆಯ ಪಕ್ಕದ ಏಣಿನ ಮೇಲೆ, ಮೇಲಿನಿಂದ ನೀರೂ ಬಂಡೆಯೂ ಬರದ ಕಡೆ ಕಟ್ಟಿದರೆ ಖರ್ಚೂ ಕಡಿಮೆ. ಕಾಫಿಯ ಮಧ್ಯೆ ಇರುವ ಆರು ಬಂಡೆಗಳನ್ನು ಹಾಗೇ ಬಿಡಿ. ಅವು ಅಲ್ಲಿ ಮಣ್ಣು ಹಿಡಿದುಕೊಂಡಿವೆ, ತೆಗೆದರೆ ಗುಂಡಿ ಬಿದ್ದು ನೀರು ಒಳಗೆ ಇಂಗುತ್ತದೆ, ಅಮ್ಮ ಹೇಳಿದ್ದು ಅವಕ್ಕಂತೂ ಪೂರ್ತಿ ಸರಿ.

ಎಂಟಡಿಯದನ್ನು ತಳ್ಳುವ ಬದಲು ಕೂತಲ್ಲೇ ಒಡೆಸಿ ಚೂರುಗಳನ್ನು ಹೊರಗೆ ಸಾಗಿಸಬಹುದು. ಮದ್ದಿಟ್ಟು ಸಿಡಿಸುವುದು ಬೇಡ. ಅದಕ್ಕೆ ಲೈಸೆನ್ಸು ಬೇಕು, ಅದು ಹಾಗಿರಲಿ, ಅದುರಿದ ಏಟಿಗೆ ಮೇಲಿನ ಮಣ್ಣು ಬಿರುಕು ಬಿಟ್ಟರೆ ನಿಮಗೆ ಕಾಣುವುದು ಮುಂದಿನ ಮಳೆಯಲ್ಲೇ. ಸಾಲಾಗಿ ರಂಧ್ರ ಕೊರೆದು ಬೆಣೆ ಹೊಡೆದು ಸೀಳುವವರು ಈಗಲೂ ಇದ್ದಾರೆ. ರಂಧ್ರಕ್ಕೆ ನೀರಲ್ಲಿ ಕಲಸಿ ತುಂಬುವ ಒಂದು ಪುಡಿ ಸಿಗುತ್ತದೆ, ರಾತ್ರಿ ಕಳೆಯುವಷ್ಟರಲ್ಲಿ ಅದು ಉಬ್ಬಿ ಬಂಡೆ ಸೀಳುತ್ತದೆ, ಸದ್ದಿಲ್ಲ. ಅಪಾಯ ಏನೆಂದರೆ ಸೀಳಿದ ಹೋಳು ಉರುಳಬಹುದು. ಹಾಗಾಗಿ ಕೆಳಗೆ ತಡೆ ಕಟ್ಟಿ, ಸುತ್ತ ಉಕ್ಕಿನ ಹಗ್ಗ ಬಿಗಿದು, ಮೇಲಿನಿಂದ ಸ್ವಲ್ಪ ಸ್ವಲ್ಪವೇ ಒಡೆಯುತ್ತ ಬರಬೇಕು, ಮನೆಯಲ್ಲಿ ಆ ದಿನಗಳಲ್ಲಿ ಯಾರೂ ಇರಬಾರದು. ಕೊಯ್ಲು ಮುಗಿದು ಮಣ್ಣು ಒಣಗಿದ ಫೆಬ್ರವರಿ ಮಾರ್ಚಿನಲ್ಲಿ ಮಾತ್ರ. ಒಡೆದ ಕಲ್ಲನ್ನು ಮಾರುವ ಯೋಚನೆ ಇದ್ದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಮೊದಲೇ ಕೇಳಿ.

ಮೂರನೆಯದು ಗೋಡೆ ಕಟ್ಟಿ ಬಂಡೆಯನ್ನು ಅಲ್ಲೇ ನಿಲ್ಲಿಸುವುದು. ಜನ ಇದನ್ನೇ ಜಾಸ್ತಿ ಇಷ್ಟಪಡುತ್ತಾರೆ, ಮುಗಿಯಿತು ಅನ್ನಿಸುತ್ತದೆ ನೋಡಿ. ಆದರೆ ನೀರು ಹೊರಬರಲು ತೂತುಗಳಿಲ್ಲದ ಸಿಮೆಂಟ್ ಗೋಡೆ ಹಿಂದೆ ಕೆರೆಯನ್ನೇ ಕಟ್ಟಿಕೊಂಡ ಹಾಗೆ. ತಂತಿ ಬಲೆಯೊಳಗೆ ಕಲ್ಲು ತುಂಬಿದ ಗೋಡೆ ಅದಕ್ಕಿಂತ ಮೇಲು, ನೀರು ಸೋಸಿ ಹೋಗುತ್ತದೆ. ಅಡಿಪಾಯ ಗಟ್ಟಿ ಶಿಲೆ ಮುಟ್ಟಬೇಕು, ಇಂಜಿನಿಯರ್ ನೋಡದೆ ಬೇಡ.

ಯಾವುದನ್ನೇ ಮಾಡಿ, ನೀರಿನ ಕೆಲಸ ಬಿಡುವ ಹಾಗಿಲ್ಲ. ನಾಲ್ಕನೇ ಫೋಟೊದ ಮೇಲ್ಭಾಗದಲ್ಲಿ ಸಾಲಾಗಿ ತೊಟ್ಟಿಲು ಗುಂಡಿ ಕಾಣುತ್ತವೆ. ಕಾಫಿಗೆ ಅದು ಒಳ್ಳೆಯದೇ, ನೀರು ಇಂಗಬೇಕು ಅಂತಲೇ ತೆಗೆಯುವುದು. ಆದರೆ ಮನೆ ಮೇಲಿನ ಇಳಿಜಾರಿನಲ್ಲಿ, ಅಂಥ ಬಂಡೆಯ ನೆತ್ತಿಯ ಮೇಲೆ, ನೀರು ಇಂಗಿಸುವುದು ಸರಿಯಲ್ಲ. ಅಷ್ಟು ಭಾಗದ ಗುಂಡಿ ಮುಚ್ಚಿ ಗಟ್ಟಿಯಾಗಿ ದಿಮ್ಮಸು ಮಾಡಿಸಿ, ಅದರ ಮೇಲೆ ಅಡ್ಡಕ್ಕೆ ಒಂದು ಚರಂಡಿ ತೆಗೆದು ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಿ. ಮರ ಕಡಿಸಬೇಡಿ.

ಇನ್ನು ಹೊಂಡದ ಹೊಳೆಗಲ್ಲು. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಇದು. ಮತ್ತೆ ಒಂದು ನಿಮಿಷ ಜರ್ಮನಿಗೆ ಬನ್ನಿ. ಮಂಜಿನ ಕಾಲದಲ್ಲಿ ಹೊರೆ ಜಾಸ್ತಿಯಾಗಿ ನದಿ ಜಲ್ಲಿ ತುಂಬುತ್ತದೆ, ಮಂಜು ಹೋದಮೇಲೆ ತಾನೇ ತುಂಬಿದ್ದನ್ನು ಕೊರೆದು ಕೆಳಗಿಳಿಯುತ್ತದೆ, ಹಳೆಯ ಪಾತ್ರ ಪಕ್ಕದಲ್ಲಿ ಮೆಟ್ಟಿಲಾಗಿ ಉಳಿಯುತ್ತದೆ. ಮೇಲಿನ ಮೆಟ್ಟಿಲು ಹಳೆಯದು, ಕೆಳಗಿನದು ಹೊಸದು. ಪೆಂಕ್ ಮತ್ತು ಬ್ರ್ಯೂಕ್ನರ್ ಅನ್ನುವ ಇಬ್ಬರು ಭೂಗೋಳ ವಿಜ್ಞಾನಿಗಳು ಆ ಮೆಟ್ಟಿಲುಗಳನ್ನು ಎಣಿಸಿಯೇ 1901ರಿಂದ 1909ರ ನಡುವೆ ನಾಲ್ಕು ಹಿಮಯುಗ ಅಂತ ಲೆಕ್ಕ ಕೊಟ್ಟರು, ಅಲ್ಲಿನ ನಾಲ್ಕು ನದಿಗಳ ಹೆಸರನ್ನೇ ಇಟ್ಟರು, ಗ್ಯುಂಟ್ಸ್, ಮಿಂಡೆಲ್, ರಿಸ್, ವ್ಯೂರ್ಮ್. ಈಗ ಹಿಮಯುಗದ ಸುತ್ತುಗಳು ಇನ್ನೂ ಜಾಸ್ತಿ ಅಂತ ಗೊತ್ತಾಗಿದೆ, ಮೆಟ್ಟಿಲು ಓದುವ ವಿಧಾನ ಉಳಿದಿದೆ. ಮೆಟ್ಟಿಲು ಆಗಲು ಹಿಮ ಬೇಕೇಬೇಕು ಅಂತಿಲ್ಲ. ನಮ್ಮ ಹೇಮಾವತಿ ಜಾವಳಿಯಲ್ಲಿ ಹುಟ್ಟಿ ಪೂರ್ವಕ್ಕೆ ಇಳಿಯುವವಳು, ಅವಳ ಹಳ್ಳಗಳೂ ಕೊರೆದು ಕೆಳಗೆ ಹೋಗಿವೆ. ನಿಮ್ಮ 30 ಅಡಿ ಮೇಲಿನ ಕಲ್ಲುಗಳು ಹಳ್ಳ ಅಲ್ಲಿ ಹರಿಯುತ್ತಿದ್ದ ಕಾಲದ್ದಿರಬಹುದು. ಆದರೆ ಮ್ಯೂನಿಕ್‌ನಂಥ ಜಲ್ಲಿ ಹಾಸು ನಮ್ಮಲ್ಲಿ ಹುಡುಕಬೇಡಿ. ಅರೆಯುವ ಮಂಜು ಇರಲಿಲ್ಲ, ನಮ್ಮ ಕಲ್ಲು ಜಲ್ಲಿಯಾಗುವುದಕ್ಕಿಂತ ಕೊಳೆತು ಮಣ್ಣಾಗುವುದೇ ಜಾಸ್ತಿ. ಅವರು ಜಲ್ಲಿಯೊಳಗಿನ ನೀರು ಕುಡಿಯುತ್ತಾರೆ, ಹಾಸನದ ರೈತರು ಮಣ್ಣು ದಾಟಿ ಕಲ್ಲು ಕೊರೆದು ಬಿರುಕು ಸಿಗಲಿ ಅಂತ ಕಾಯುತ್ತಾರೆ.

ಹೊಂಡದ ಕಲ್ಲು ಒಂದೇ ಮಟ್ಟದಲ್ಲಿ ಪಟ್ಟಿಯಾಗಿ ಸಿಕ್ಕವಾ, ಇಲ್ಲಾ ಚೆಲ್ಲಾಪಿಲ್ಲಿಯಾ ಅಂತ ತಿಳಿಸಿ. ಪಟ್ಟಿಯಾಗಿದ್ದರೆ ಹಳ್ಳದ್ದು. ನಾಲ್ಕೈದು ಮಾತ್ರ ಒಂದು ಮೂಲೆಯಲ್ಲಿ ಸಿಕ್ಕಿದ್ದರೆ ನಿಮ್ಮ ಅಜ್ಜಿಯ ಕಾಲದವರು ಯಾವುದಕ್ಕೋ ಹೊತ್ತು ತಂದದ್ದೂ ಇರಬಹುದು, ನಗಬೇಡಿ, ನೋಡಿದ್ದೇನೆ.

ಎಂಟಡಿ ಬಂಡೆಯ ಮೇಲ್ಭಾಗದಲ್ಲಿ, ಮಣ್ಣು ಬಂಡೆಗೆ ಸೇರುವ ಕಡೆ, ಇವತ್ತೇ ಎರಡು ಗೂಟ ಹೊಡೆದು ಬಂಡೆಯ ಮೇಲೆ ಎದುರಿಗೆ ಬಣ್ಣದಲ್ಲಿ ಗೆರೆ ಎಳೆಯಿರಿ. ಗೂಟದಿಂದ ಗೆರೆಗೆ ಎಷ್ಟು ಅಂತ ಟೇಪಿನಲ್ಲಿ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮಳೆ ಹಿಡಿದಮೇಲೆ ವಾರಕ್ಕೊಮ್ಮೆ ಅಳೆಯಿರಿ. ಒಂದು ಬೆರಳಿನಷ್ಟು ಜಾಸ್ತಿಯಾದರೂ, ಅಥವಾ ಬಂಡೆಯ ಬುಡದಿಂದ ಹೊಸದಾಗಿ ಕೆಸರು ನೀರು ಜಿನುಗಿದರೂ, ನನಗೆ ಬರೆದು ಕಾಯುತ್ತ ಕೂರಬೇಡಿ. ಅಮ್ಮನನ್ನು ಕರೆದುಕೊಂಡು ಆ ರಾತ್ರಿ ನೆಂಟರ ಮನೆಗೆ ಹೋಗಿ, ಬೆಳಿಗ್ಗೆ ತಾಲ್ಲೂಕು ಕಚೇರಿಗೆ ತಿಳಿಸಿ.